ಪಿಟ್ಸ್‌ಬರ್ಗ್‌ನಲ್ಲೊಂದು ‘ಈ ಸಲ ಕಪ್ ನಮ್ದೆ’

ಈ ವರ್ಷ ಜನವರಿಯಲ್ಲಿ ಪಿಟ್ಸ್‌ಬರ್ಗ್‌ಗೆ ಮನೆ ಬದಲಾಯಿಸಿದಾಗ ಪಕ್ಕದ ಮನೆಯ ಅಜ್ಜ ನನ್ನನ್ನ ಕೇಳಿದ ಮೊದಲ ಪ್ರಶ್ನೆ ಹೆಸರಿನದ್ದಲ್ಲ, ಕೆಲಸದ್ದೂ ಅಲ್ಲ. "ನಿಮ್ಮೂರಲ್ಲಿ ನೀನು ಯಾವ ಟೀಮು?" ಅಂತ.

"ಬೆಂಗಳೂರು. ಕ್ರಿಕೆಟ್. ಹದಿನೇಳು ಸೀಸನ್ ಆಯ್ತು, ಒಂದು ಸಲವೂ ಕಪ್ ಗೆದ್ದಿಲ್ಲ" ಅಂದೆ.

ಅಜ್ಜ ಹಿಮ ಎತ್ತುತ್ತಿದ್ದ ಸಲಿಕೆಯನ್ನ ನೆಲಕ್ಕೂರಿ ಜೋರಾಗಿ ನಕ್ಕರು. "ಹಾಗಾದ್ರೆ ಈ ಊರು ನಿನಗೆ ಸರಿಯಾಗಿ ಹೊಂದತ್ತೆ."

ಇಲ್ಲಿ ವಯಸ್ಸಾದವರನ್ನೂ ಹೆಸರು ಹಿಡಿದೇ ಕರೀಬೇಕು. ಎಪ್ಪತ್ನಾಲ್ಕು ವರ್ಷದವರನ್ನ ಹಾಗೆ ಕರೆಯೋಕೆ ನಂಗೆ ಇವತ್ತಿಗೂ ನಾಲಿಗೆ ಹೊರಳಲ್ಲ. ಮನಸ್ಸಲ್ಲಿ ಅವರು ಅಜ್ಜನೇ. ಈ ಬರಹದಲ್ಲೂ ಹಾಗೇ ಇರಲಿ.

ಪಿಟ್ಸ್‌ಬರ್ಗ್ ಅಂದ್ರೆ ನಮ್ಮವರಿಗೆ ಸಾಮಾನ್ಯವಾಗಿ ನೆನಪಾಗೋದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. 1976ರಲ್ಲಿ ಪ್ರತಿಷ್ಠಾಪನೆಯಾದ, ಅಮೆರಿಕದ ಹಳೆಯ ಹಿಂದೂ ದೇವಾಲಯಗಳಲ್ಲೊಂದು. ದೂರದೂರದ ರಾಜ್ಯಗಳಿಂದ ಕಾರು ಓಡಿಸಿಕೊಂಡು ಬರ್ತಾರೆ, ದರ್ಶನ ಮಾಡ್ತಾರೆ, ಕೆಳಗಡೆ ಪುಳಿಯೋಗರೆ ತಿಂತಾರೆ, ವಾಪಸ್ ಹೊರಡ್ತಾರೆ. ನಾನೂ ಎರಡು ಸಲ ಹಾಗೇ ಬಂದು ಹೋದವನೇ. ಊರನ್ನ ನೋಡಿರಲಿಲ್ಲ.

ಊರು ಚೆಂದ ಇದೆ. ಅಲೆಘೇನಿ, ಮೊನಾಂಗಹೀಲಾ ಅನ್ನೋ ಎರಡು ನದಿಗಳು ಊರಿನ ಮೂತಿಯಲ್ಲಿ ಕೂಡಿ ಒಹಾಯೊ ನದಿಯಾಗ್ತವೆ. ಎಲ್ಲಿ ನೋಡಿದರೂ ಸೇತುವೆ. ಒಂದು ಕಾಲಕ್ಕೆ ಅಮೆರಿಕಕ್ಕೆ ಉಕ್ಕು ಕೊಟ್ಟ ಊರು. 1980ರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಅರ್ಧ ಊರೇ ಕೆಲಸ ಹುಡುಕಿಕೊಂಡು ಹೊರಟಿತು. ಅಜ್ಜ ಹೋಗಲಿಲ್ಲ. ಉಕ್ಕಿನ ಕೆಲಸ ಹೋದ ಮೇಲೆ ಶಾಲಾ ಬಸ್ ಓಡಿಸಿದರು. ಈಗ ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳು, ರೋಬೋಟ್ ಕಂಪನಿಗಳು ಬಂದಿವೆ. ಆ ಅಲೆಯಲ್ಲೇ ನನ್ನಂಥವರೂ ಬಂದಿದ್ದೀವಿ.

ಇಲ್ಲಿನ ಮೂರು ದೊಡ್ಡ ತಂಡಗಳಿಗೂ ಒಂದೇ ಬಣ್ಣ, ಕಪ್ಪು ಮತ್ತು ಚಿನ್ನದ ಹಳದಿ. ಫುಟ್‌ಬಾಲಿನ ಸ್ಟೀಲರ್ಸ್ ಆರು ಸಲ ಸೂಪರ್ ಬೌಲ್ ಗೆದ್ದಿದೆ. ಐಸ್ ಹಾಕಿಯ ಪೆಂಗ್ವಿನ್ಸ್ ಐದು ಸಲ ಸ್ಟ್ಯಾನ್ಲಿ ಕಪ್ ತಂದಿದೆ. ಮೂರನೆಯದು ಬೇಸ್‌ಬಾಲಿನ ಪೈರೇಟ್ಸ್. ಇವರು ಕೊನೇ ಸಲ ವರ್ಲ್ಡ್ ಸೀರೀಸ್ ಗೆದ್ದಿದ್ದು 1979ರಲ್ಲಿ. 1993ರಿಂದ 2012ರವರೆಗೆ ಸತತ ಇಪ್ಪತ್ತು ಸೀಸನ್, ಗೆದ್ದ ಮ್ಯಾಚಿಗಿಂತ ಸೋತ ಮ್ಯಾಚೇ ಜಾಸ್ತಿ. 2013ರಿಂದ ಮೂರು ವರ್ಷ ಪ್ಲೇಆಫ್ ತಲುಪಿದರು. 2015ರ ನಂತರ ಅದೂ ಇಲ್ಲ. ಒಂದೇ ಮನೆಯ ಮೂರು ಮಕ್ಕಳಲ್ಲಿ ಇಬ್ಬರು ಸೆಟ್ಲ್ ಆಗಿ, ಒಬ್ಬ ಮಾತ್ರ ಇನ್ನೂ ಮನೆಯಲ್ಲೇ ಕೂತಿರ್ತಾನಲ್ಲ, ಹಾಗೆ. ಅಮ್ಮನಿಗೆ ಹೊಟ್ಟೆ ಉರಿಯೋದು ಅವನ ಬಗ್ಗೆಯೇ.

ಒಂದು ಭಾನುವಾರ ಅಜ್ಜ ನನ್ನನ್ನ ಮ್ಯಾಚಿಗೆ ಕರ್ಕೊಂಡು ಹೋದರು. ಕಾರನ್ನ ನದಿಯ ಈಚೆ ದಡದಲ್ಲೇ ನಿಲ್ಲಿಸಿ ಸೇತುವೆ ಮೇಲೆ ನಡೆಯಬೇಕು, ಅದೇ ಕ್ರಮ ಅಂದರು. ಅದು ರೊಬೆರ್ಟೊ ಕ್ಲೆಮೆಂಟೆ ಸೇತುವೆ. ಮ್ಯಾಚ್ ಇರುವ ದಿನ ವಾಹನ ಬಿಡಲ್ಲ. ಹಳದಿ ಸೇತುವೆ ತುಂಬಾ ಹಳದಿ ಟೀಶರ್ಟು, ಹೆಗಲ ಮೇಲೆ ಮಕ್ಕಳು, ಪಾಪ್‌ಕಾರ್ನ್ ಮಾರುವವರು. ಕಬ್ಬನ್ ಪಾರ್ಕ್ ಮೆಟ್ರೋ ಇಳಿದು ಚಿನ್ನಸ್ವಾಮಿ ಕಡೆ ನಡೆಯುವ ಸಂಜೆ ನೆನಪಾಯ್ತು. ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಯಾರಿಗೂ ಗೆಲ್ಲುವ ಆತುರ ಕಾಣಲಿಲ್ಲ.

ಕ್ಲೆಮೆಂಟೆ ಯಾರು ಅಂತ ಅಜ್ಜ ಸೇತುವೆ ಮಧ್ಯದಲ್ಲಿ ನಿಂತು ಹೇಳಿದರು. ಪೋರ್ಟೊ ರಿಕೊದಿಂದ ಬಂದ ಆಟಗಾರ. ಸರಿಯಾಗಿ 3000 ಹಿಟ್ ಹೊಡೆದವರು. 1972ರ ಡಿಸೆಂಬರ್‌ನಲ್ಲಿ ನಿಕರಾಗುವಾದಲ್ಲಿ ಭೂಕಂಪವಾದಾಗ ಪರಿಹಾರ ಸಾಮಗ್ರಿ ತುಂಬಿದ ವಿಮಾನದಲ್ಲಿ ತಾವೇ ಹೊರಟರು. ಡಿಸೆಂಬರ್ 31ರ ರಾತ್ರಿ ಆ ವಿಮಾನ ಸಮುದ್ರಕ್ಕೆ ಬಿತ್ತು. ಅವರ ಜೆರ್ಸಿ ನಂಬರ್ 21. ಸ್ಟೇಡಿಯಂನ ಬಲಬದಿಯ ಗೋಡೆಯ ಎತ್ತರವನ್ನೂ ಅವರ ನೆನಪಿಗೆ 21 ಅಡಿ ಇಟ್ಟಿದ್ದಾರೆ.

2001ರಲ್ಲಿ ಶುರುವಾದ ಈ ಪಿಎನ್‌ಸಿ ಪಾರ್ಕ್ ಅಮೆರಿಕದ ಅತಿ ಸುಂದರ ಬೇಸ್‌ಬಾಲ್ ಮೈದಾನಗಳಲ್ಲಿ ಒಂದು ಅಂತಾರೆ. ನಂಬಿ, ಉತ್ಪ್ರೇಕ್ಷೆ ಅಲ್ಲ. ಸೀಟಲ್ಲಿ ಕೂತರೆ ಎದುರಿಗೆ ಹಸಿರು ಮೈದಾನ, ಅದರಾಚೆ ನದಿ, ಸೇತುವೆ, ಅದರಾಚೆ ಊರಿನ ಎತ್ತರದ ಕಟ್ಟಡಗಳು. ಮಧ್ಯದಲ್ಲಿ ಪಿಯರೋಗಿ ರೇಸ್ ಬೇರೆ. ಪಿಯರೋಗಿ ಅಂದ್ರೆ ಪೋಲೆಂಡ್ ಕಡೆಯವರು ತಂದ ತಿಂಡಿ. ನಮ್ಮ ಕರ್ಜಿಕಾಯಿ ಆಕಾರ, ಒಳಗೆ ಆಲೂಗಡ್ಡೆ, ಬೇಯಿಸಿ ಬೆಣ್ಣೆ ಹಾಕಿ ಕೊಡ್ತಾರೆ. ಆ ತಿಂಡಿಯ ವೇಷ ಹಾಕಿಕೊಂಡವರು ಮೈದಾನದಲ್ಲಿ ಓಡ್ತಾರೆ. ಆ ದಿನ ಜನ ಅತಿ ಹೆಚ್ಚು ಕಿರುಚಿದ್ದು ಆ ಓಟಕ್ಕೇ.

ಮ್ಯಾಚ್ ಸೋತರು. ಆಟ ಮುಗಿಯುವ ಹೊತ್ತಿಗೆ ಮೇಲಿನ ಸಾಲಿನಿಂದ "ಟೀಮು ಮಾರಿ" ಅನ್ನೋ ಕೂಗು ಕೇಳಿಸ್ತು. ಅದು ಮಾಲೀಕರಿಗೆ. ಈ ವರ್ಷ ತವರಿನ ಮೊದಲ ಮ್ಯಾಚಿನ ದಿನ ಇದೇ ಮಾತನ್ನ ಬ್ಯಾನರ್ ಮಾಡಿ ವಿಮಾನಕ್ಕೆ ಕಟ್ಟಿ ಹಾರಿಸಿದ್ದರು. ಅಜ್ಜ ಕೂಗಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಸ್ಕೋರ್ ಕಾರ್ಡಿನ ಹಿಂಬದಿಯಲ್ಲಿ ಏನೋ ಬರ್ಕೊಂಡರು.

ಏನು ಬರ್ಕೊಂಡರು ಅನ್ನೋದು ಆಮೇಲೆ ಗೊತ್ತಾಯ್ತು. ಅವರ ಅಡುಗೆಮನೆಯ ಫ್ರಿಜ್ ಮೇಲೆ ಒಂದು ಚೀಟಿ ಇದೆ. ಒಂಬತ್ತು ಸಾಲು, ಮೈದಾನದ ಒಂಬತ್ತು ಜಾಗ. ಮುಂದಿನ ವರ್ಷ ಯಾರು ಎಲ್ಲಿ ಆಡಬೇಕು ಅನ್ನೋದು ಅಜ್ಜನ ಪಟ್ಟಿ. ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದ ತೂತಾಗಿದೆ. ನಾವು ಐಪಿಎಲ್ ಹರಾಜಿನ ಹಿಂದಿನ ರಾತ್ರಿ ವಾಟ್ಸಾಪ್ ಗುಂಪಲ್ಲಿ ತಂಡ ಕಟ್ಟಲ್ವಾ, ಅದೇ ರೋಗ.

ಆ ಚೀಟಿ ನೋಡಿದಾಗಲೇ ನಂಗೆ ಈ ತಂಡದ ಕಥೆ ಪೂರ್ತಿ ಅರ್ಥವಾಗಿದ್ದು. ಯಾಕಂದ್ರೆ ಇದು ನಮ್ಮ ಕಥೆಯ ತಿರುಗುಮುರುಗು.

ನಮ್ಮ ಆರ್‌ಸಿಬಿ ಏನು ಮಾಡ್ತಿತ್ತು? ಗೇಲ್, ಕೊಹ್ಲಿ, ಡಿವಿಲಿಯರ್ಸ್. ಬ್ಯಾಟಿಂಗ್ ಅಂದ್ರೆ ಜಾತ್ರೆ. ಬೌಲಿಂಗ್ ಬಂದಾಗ ದೇವರೇ ಗತಿ. 2016ರಲ್ಲಿ ಕೊಹ್ಲಿ ಒಬ್ಬರೇ 973 ರನ್ ಹೊಡೆದರೂ ಫೈನಲ್‌ನಲ್ಲಿ ನಾವು 208 ರನ್ ಬಿಟ್ಟುಕೊಟ್ಟು 8 ರನ್ನಿಂದ ಸೋತೆವು.

ಪೈರೇಟ್ಸ್‌ನಲ್ಲಿ ಇದು ಉಲ್ಟಾ. ಇವರ ಹತ್ರ ಪಾಲ್ ಸ್ಕೀನ್ಸ್ ಇದ್ದಾನೆ. 2023ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ, 2024ರ ಮೇನಲ್ಲಿ ಮೊದಲ ಪಂದ್ಯ, ಆ ವರ್ಷವೇ ಶ್ರೇಷ್ಠ ಹೊಸಬ ಪ್ರಶಸ್ತಿ. 2025ರಲ್ಲಿ ಅವನ ಇಆರ್‌ಎ 1.97. ಅಂದ್ರೆ ಒಂಬತ್ತು ಇನ್ನಿಂಗ್ಸ್ ಎಸೆದರೆ ಎದುರಾಳಿಗೆ ಸರಾಸರಿ ಎರಡು ರನ್ ಕೂಡ ಸಿಗಲ್ಲ. ಇಷ್ಟಾದರೂ ಅವನ ಹೆಸರಿನ ಮುಂದಿನ ಲೆಕ್ಕ 10 ಗೆಲುವು, 10 ಸೋಲು. ಯಾಕಂದ್ರೆ ಅವನಿಗಾಗಿ ರನ್ ಹೊಡೆಯುವವರೇ ಇಲ್ಲ. ಇಡೀ ಸೀಸನ್‌ನಲ್ಲಿ, 162 ಮ್ಯಾಚಲ್ಲಿ, ಪೈರೇಟ್ಸ್ ಹೊಡೆದ ಹೋಂ ರನ್ 117. ಮೂವತ್ತು ತಂಡಗಳಲ್ಲಿ ಅತಿ ಕಡಿಮೆ. ಕೊನೆಗೆ 71 ಗೆಲುವು, 91 ಸೋಲು. ಮೇ ತಿಂಗಳಲ್ಲೇ ಮ್ಯಾನೇಜರ್‌ನ ತೆಗೆದು, ಈ ಕಡೆಯವನೇ ಆದ ಡಾನ್ ಕೆಲ್ಲಿಗೆ ಚುಕ್ಕಾಣಿ ಕೊಟ್ಟಿದ್ದರು.

"ಒಬ್ಬ ಬ್ಯಾಟ್ಸ್‌ಮನ್ ತಗೊಂಡ್ರೆ ಆಯ್ತಲ್ಲ?" ಅಂದೆ, ಐಪಿಎಲ್ ಬುದ್ಧಿಯಲ್ಲಿ.

ಅಜ್ಜ ಕುರ್ಚಿ ಎಳೆದು ಕೂತರು. ಇಲ್ಲಿ ಹರಾಜಿಲ್ಲ. ಐಪಿಎಲ್‌ನಲ್ಲಿ ಈ ಸಲ ಹತ್ತೂ ತಂಡಕ್ಕೂ 120 ಕೋಟಿಯ ಒಂದೇ ಮಿತಿ ಇತ್ತು. ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಅಂಥ ಮಿತಿಯೇ ಇಲ್ಲ. ಲಾಸ್ ಏಂಜಲೀಸ್ ಡಾಡ್ಜರ್ಸ್ ವರ್ಷಕ್ಕೆ 30 ಕೋಟಿ ಡಾಲರ್‌ಗೂ ಮೀರಿ ಸಂಬಳ ಕೊಡತ್ತೆ. ಪೈರೇಟ್ಸ್ ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ನ್ಯೂಯಾರ್ಕ್ ಮೆಟ್ಸ್ ಕಳೆದ ಚಳಿಗಾಲದಲ್ಲಿ ಹ್ವಾನ್ ಸೋಟೊ ಅನ್ನೋ ಒಬ್ಬನೇ ಒಬ್ಬ ಹೊಡೆತಗಾರನಿಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಬರೆದುಕೊಟ್ಟಿತು.

ಬಡ ತಂಡಕ್ಕೆ ಉಳಿಯೋದು ಮುಖ್ಯವಾಗಿ ಎರಡು ದಾರಿ. ಒಂದು ಡ್ರಾಫ್ಟ್. ಕಾಲೇಜು, ಹೈಸ್ಕೂಲ್ ಹುಡುಗರನ್ನ ಸರದಿಯಲ್ಲಿ ಆರಿಸಿಕೊಂಡು, ಕೆಳಗಿನ ಲೀಗ್‌ಗಳಲ್ಲಿ ವರ್ಷಗಟ್ಟಲೆ ಬೆಳೆಸೋದು. ಇನ್ನೊಂದು ಟ್ರೇಡ್. ಇರುವ ಒಳ್ಳೆಯವನನ್ನ ಕೊಟ್ಟು, ನಾಳೆ ಒಳ್ಳೆಯವನಾಗಬಹುದಾದವನನ್ನ ತರೋದು. ಕಳೆದ ಜುಲೈನಲ್ಲಿ ಹಾಗೇ ಮಾಡಿದರು. ಮೂರನೇ ಬೇಸ್‌ನ ಗೋಡೆಯಂತಿದ್ದ ಕೆಬ್ರಯನ್ ಹೇಯ್ಸ್ ಸಿನ್ಸಿನಾಟಿಗೆ ಹೋದ. ಕೊನೆಯ ಇನ್ನಿಂಗ್ಸ್ ಕಾಯುತ್ತಿದ್ದ ಡೇವಿಡ್ ಬೆಡ್ನಾರ್, ಈ ಊರ ಪಕ್ಕದಲ್ಲೇ ಬೆಳೆದ ಹುಡುಗ, ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ. ಬೆಡ್ನಾರ್ ಹೋದ ದಿನ ಅಜ್ಜ ಚೀಟಿಯಲ್ಲಿ ಏನೂ ಬರೆಯಲಿಲ್ಲ.

ನಂಗದು ಚೆನ್ನಾಗಿ ಅರ್ಥವಾಯ್ತು. ಅದೇ ತಿಂಗಳು ನಮ್ಮ ಪ್ರಾಜೆಕ್ಟಿನಲ್ಲೂ ‘ರೀಬಿಲ್ಡ್’ ನಡೀತು. ಏಳು ಜನರ ತಂಡ ನಾಲ್ಕಾಯ್ತು. ಹೋದವರಲ್ಲಿ ಒಬ್ಬ ನನಗೆ ಕೆಲಸ ಕಲಿಸಿದವನು. ಉಳಿದ ನಮಗೆ ಮೀಟಿಂಗಿನಲ್ಲಿ ಹೇಳಿದ್ದು, ಮುಂದಿನ ವರ್ಷ ಹೊಸಬರು ಬರ್ತಾರೆ, ತಂಡ ಇನ್ನೂ ಗಟ್ಟಿಯಾಗತ್ತೆ ಅಂತ. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆಯಾದ ರಾತ್ರಿ ನಮ್ಮ ಗುಂಪಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ನನ್ನದು ಹಳೆಯ ವೀಸಾ, ಸದ್ಯಕ್ಕೆ ತೊಂದರೆ ಇಲ್ಲ. ಆದರೂ ಆ ರಾತ್ರಿ ಅನ್ನಿಸ್ತು, ನಾನೂ ಯಾರದೋ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ಹೆಸರೇ.

ಇನ್ನೊಂದು ಸ್ವಾರಸ್ಯ. ಪ್ರತಿಭೆ ಹುಡುಕುತ್ತಾ ಪೈರೇಟ್ಸ್ ಭಾರತದವರೆಗೂ ಬಂದಿತ್ತು. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಅನ್ನೋ ಸ್ಪರ್ಧೆಯಲ್ಲಿ ಗಮನ ಸೆಳೆದ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಸಹಿ ಹಾಕಿದ್ದು ಇದೇ ತಂಡಕ್ಕೆ. ಈ ರಿಂಕು ಕೋಲ್ಕತ್ತಾದ ರಿಂಕು ಅಲ್ಲ. ಮೇಲಿನ ಲೀಗ್‌ವರೆಗೆ ಇಬ್ಬರೂ ತಲುಪಲಿಲ್ಲ. ಆದರೆ ಅಜ್ಜನಿಗೆ ಆ ಹೆಸರುಗಳು ಈಗಲೂ ಬಾಯಲ್ಲಿವೆ. "ಆ ವರ್ಷದ ಚೀಟಿಯಲ್ಲಿ ನಿಮ್ಮವರಿಬ್ಬರೂ ಇದ್ದರು" ಅಂದರು.

ಜೂನ್ 3. ನಿಮಗೆಲ್ಲ ಆ ದಿನ ಎಲ್ಲಿದ್ರಿ ಅಂತ ನೆನಪಿರತ್ತೆ. ನಾನು ಅಜ್ಜನ ಸೋಫಾ ಮೇಲಿದ್ದೆ. ಅಹಮದಾಬಾದ್‌ನಲ್ಲಿ ರಾತ್ರಿ, ಇಲ್ಲಿ ಮಧ್ಯಾಹ್ನ. ಲ್ಯಾಪ್‌ಟಾಪಿನಲ್ಲಿ ಆಫೀಸ್ ಕೆಲಸ ತೆರೆದಿಟ್ಟು ಪಂದ್ಯ ನೋಡಿದೆ. ಅಜ್ಜನಿಗೆ ನಿಯಮ ವಿವರಿಸಿ ಸಾಕಾಗಿತ್ತು. ಕೃಣಾಲ್ ನಾಲ್ಕು ಓವರ್‌ಗೆ ಬರೀ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದಾಗ ಮಾತ್ರ ಅಜ್ಜ ತಾವಾಗೇ ಕೇಳಿದರು, "ಇವನನ್ನ ಈ ವರ್ಷ ತಂದಿದ್ದಾ?"

ಹೌದು. ಕೃಣಾಲ್, ಹೇಜಲ್‌ವುಡ್, ಭುವನೇಶ್ವರ್, ಮೂವರೂ ಈ ಸಲದ ಹರಾಜಿನಲ್ಲಿ ಬಂದವರು. ಬಹಳ ವರ್ಷ ನಮ್ಮವನೇ ಆಗಿದ್ದ ಸಿರಾಜ್‌ನ ಬಿಟ್ಟಾಗ ನಾನೇ ಬೈದಿದ್ದೆ. ಆದರೆ ಎಲ್ಲಿ ಸೋರುತ್ತಿತ್ತೋ ಅಲ್ಲೇ ಹೆಂಚು ಬದಲಾಯಿಸಿದ್ದರು. ಆರು ರನ್ನಿಂದ ಗೆದ್ದೆವು.

ಊರಿಗೆ ಫೋನ್ ಮಾಡಿದೆ. ಅಪ್ಪ ಪಂದ್ಯ ನೋಡೇ ಇರಲಿಲ್ಲ! "ನಾನು ನೋಡಿದ್ರೆ ಸೋಲ್ತಾರೆ ಕಣೋ, ಅದಕ್ಕೆ ಟೀವಿ ಆರಿಸಿ ಮಲಗಿದ್ದೆ. ಬೀದೀಲಿ ಪಟಾಕಿ ಶಬ್ದ ಕೇಳಿ ಗೊತ್ತಾಯ್ತು" ಅಂದರು. ಹದಿನೆಂಟು ವರ್ಷ ಕಾದು, ಗೆಲ್ಲುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಮಲಗಿದ್ದ ಮನುಷ್ಯ. ಅಜ್ಜನಿಗೆ ಹೇಳಿದೆ. ಅವರು ನಗಲಿಲ್ಲ. "ನಿಮ್ಮಪ್ಪನ ಭಾಗದ ಕೆಲಸ ಅವರು ಮಾಡಿದ್ದಾರೆ" ಅಂದರು.

ಮರುದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದರು. ನಾನು ಸಾವಿರ ಸಲ ನಡೆದ ಫುಟ್‌ಪಾತ್ ಅದು. ಕಪ್ಪಿನ ಫೋಟೊ ಸ್ಟೇಟಸ್‌ನಿಂದ ತೆಗೆದೆ. ಅಜ್ಜ ಸಂಜೆ ಬಾಗಿಲು ತಟ್ಟಿ, ಒಂದು ತಟ್ಟೆ ಪಿಯರೋಗಿ ಕೊಟ್ಟು, ಏನೂ ಕೇಳದೆ ಹೋದರು. ತಂಡವನ್ನ ಪ್ರೀತಿಸೋದು ಅಂದ್ರೆ ಗೆಲ್ಲೋದಕ್ಕಿಂತ ಮೊದಲು ಪಕ್ಕದಲ್ಲಿ ನಿಂತವನನ್ನ ನೋಡಿಕೊಳ್ಳೋದು ಅಂತ ಆ ದಿನದಿಂದ ನಾನು ಅಂದುಕೊಂಡಿದ್ದೀನಿ.

ಅಕ್ಟೋಬರ್ 13, ಸೋಮವಾರ. ಅಜ್ಜ ಮಡಚುವ ಕುರ್ಚಿ ಎರಡು ಕಾರಿಗೆ ಹಾಕಿ ನನ್ನನ್ನ ಓಕ್ಲೆಂಡ್ ಬಡಾವಣೆಗೆ ಕರ್ಕೊಂಡು ಹೋದರು. ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ, ಬಳ್ಳಿ ಹಬ್ಬಿದ ಒಂದು ಇಟ್ಟಿಗೆ ಗೋಡೆ. ಪೈರೇಟ್ಸ್‌ನ ಹಳೆಯ ಮೈದಾನ ಫೋರ್ಬ್ಸ್ ಫೀಲ್ಡ್‌ನಲ್ಲಿ ಉಳಿದಿರುವ ತುಂಡು.

1960ರ ಇದೇ ದಿನ ಇಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಮ್ಯಾಚ್ ನಡೀತು. ಎದುರಾಳಿ ಬಲಾಢ್ಯ ಯಾಂಕೀಸ್. ಆ ಸರಣಿಯಲ್ಲಿ ಯಾಂಕೀಸ್ ಒಟ್ಟು 55 ರನ್ ಹೊಡೆದರು, ಪೈರೇಟ್ಸ್ 27. ಆದರೂ ಮೂರು ಮೂರು ಸಮ. ಕೊನೆಯ ಮ್ಯಾಚು 9-9 ಆಗಿದ್ದಾಗ ಒಂಬತ್ತನೇ ಇನ್ನಿಂಗ್ಸಿನಲ್ಲಿ ಬಿಲ್ ಮೆಜರಾಸ್ಕಿ ಹೊಡೆದ ಚೆಂಡು ಎಡಗಡೆಯ ಗೋಡೆ ದಾಟಿತು. ವರ್ಲ್ಡ್ ಸೀರೀಸ್ ಒಂದು ಹೋಂ ರನ್ನಿನಿಂದಲೇ ಮುಗಿದದ್ದು ಅದೇ ಮೊದಲು.

1985ರಲ್ಲಿ ಒಬ್ಬ ಅಭಿಮಾನಿ ಒಬ್ಬನೇ ಬಂದು ಈ ಗೋಡೆಯ ಹತ್ತಿರ ಕೂತು ಆ ಮ್ಯಾಚಿನ ರೇಡಿಯೊ ಕಾಮೆಂಟರಿಯ ಟೇಪ್ ಹಾಕಿಕೊಂಡು ಕೇಳಿದನಂತೆ. ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರೇ ಸೇರಿಕೊಂಡರು. ಈಗ ಅದೊಂದು ಜಾತ್ರೆ. ಮಧ್ಯಾಹ್ನ ಒಂದಕ್ಕೆ ಟೇಪ್ ಶುರು ಮಾಡ್ತಾರೆ. ಲೆಕ್ಕ ಸರಿಯಾಗಿ ಇಟ್ಟಿರ್ತಾರೆ. ಆ ಹೋಂ ರನ್ ಬರೋದು ಅವತ್ತು ಬಂದ ಹೊತ್ತಿಗೇ, 3 ಗಂಟೆ 36 ನಿಮಿಷಕ್ಕೆ.

"ನಂಗೆ ಒಂಬತ್ತು ವರ್ಷ. ಸ್ಕೂಲಿಂದ ಮನೆಗೆ ನಡೀತಿದ್ದೆ. ಎಲ್ಲ ಮನೆ ಕಿಟಕೀಲೂ ರೇಡಿಯೊ. ಒಂದು ಮನೆ ದಾಟಿದ್ರೆ ಇನ್ನೊಂದು ಮನೇಲಿ ಮುಂದಿನ ಬಾಲ್ ಕೇಳಿಸ್ತಿತ್ತು" ಅಂದರು ಅಜ್ಜ. ನಮ್ಮಪ್ಪ 1983ರ ವಿಶ್ವಕಪ್ ಬಗ್ಗೆ ಹೇಳುವ ದನಿಯೇ ಅದು.

ಎಂಟನೇ ಇನ್ನಿಂಗ್ಸ್ ಹೊತ್ತಿಗೆ ಅಜ್ಜ ಜೇಬಿಂದ ಚೀಟಿ ತೆಗೆದರು. ಹೊಸ ಚೀಟಿ, 2026ರದ್ದು. ಶಾರ್ಟ್‌ಸ್ಟಾಪ್ ಎದುರು ಕಾನರ್ ಗ್ರಿಫಿನ್. ಹತ್ತೊಂಬತ್ತರ ಹುಡುಗ, ಕೆಳಗಿನ ಲೀಗಿನಲ್ಲಿ ಈ ವರ್ಷ 21 ಹೋಂ ರನ್ ಹೊಡೆದು 65 ಬೇಸ್ ಕದ್ದಿದ್ದಾನೆ. ಸೆಂಟರ್ ಫೀಲ್ಡ್‌ಗೆ ಒನೀಲ್ ಕ್ರೂಜ್. ಮೇ ತಿಂಗಳಲ್ಲಿ ಅವನು ಹೊಡೆದ ಚೆಂಡು ಗಂಟೆಗೆ 198 ಕಿಲೋಮೀಟರ್ ವೇಗದಲ್ಲಿ ಹೋಗಿ ನದಿಗೆ ಬಿತ್ತು. ಅಳತೆ ಶುರುವಾದ 2015ರಿಂದ ಅಷ್ಟು ಜೋರಾಗಿ ಯಾರೂ ಹೊಡೆದಿಲ್ಲ. ಆದರೆ ಹತ್ತು ಸಲ ಬೀಸಿದರೆ ಎಷ್ಟು ಸಲ ತಗಲತ್ತೆ ಅನ್ನೋದು ದೇವರಿಗೇ ಗೊತ್ತು. ಎಸೆಯೋಕೆ ಸ್ಕೀನ್ಸ್ ಜೊತೆ ಬಬ್ಬಾ ಚಾಂಡ್ಲರ್. ಮೂರನೇ ಬೇಸ್ ಖಾಲಿ. ಇನ್ನೊಂದು ಸಾಲಿನಲ್ಲಿ ಹೆಸರೇ ಇಲ್ಲ, "ದುಡ್ಡು ಕೊಟ್ಟು ತರಬೇಕಾದ ಹೊಡೆತಗಾರ" ಅಂತ ಮಾತ್ರ ಬರೆದಿದೆ. ಆ ಸಾಲು ಒಂದೇ ಪೆನ್ನಿನಲ್ಲಿತ್ತು.

"ಸ್ಕೀನ್ಸ್ ಎಷ್ಟು ವರ್ಷ ನಮ್ಮ ಹತ್ರ ಇರ್ತಾನೆ?" ಅಂದೆ. ಬರ್ತಾ ಬರ್ತಾ ನನ್ನ ಬಾಯಲ್ಲೂ ‘ನಮ್ಮ’ ಬಂದಿತ್ತು.

"2029ರ ಸೀಸನ್ ಮುಗಿಯೋವರೆಗೆ. ಆಮೇಲೆ ಎಲ್ಲಿ ಬೇಕಾದ್ರೂ ಹೋಗಬಹುದು." ಅಜ್ಜ ಚೀಟಿ ಮಡಚಿದರು. "ಆಗ ನಂಗೆ 78." ಹೋದ ವರ್ಷ ಅವರ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದಾರೆ. ಅದನ್ನ ಇಬ್ಬರೂ ಹೇಳಲಿಲ್ಲ. 2029ಕ್ಕೆ ನಾನು ಈ ಊರಲ್ಲಿ ಇರ್ತೀನಾ ಅನ್ನೋದನ್ನೂ ಅವರು ಕೇಳಲಿಲ್ಲ.

3 ಗಂಟೆ 36 ನಿಮಿಷ. ರೇಡಿಯೊದಲ್ಲಿ ಚೆಂಡಿನ ಸದ್ದು, ಆಮೇಲೆ ಜನರ ಅಬ್ಬರ. ಗೋಡೆಯ ಮುಂದೆ ಕೂತವರೆಲ್ಲ ಎದ್ದು ನಿಂತು ಕೂಗಿದರು, ಅಪ್ಪಿಕೊಂಡರು. 65 ವರ್ಷದ ಹಿಂದೆ ಮುಗಿದ ಮ್ಯಾಚು. ಫಲಿತಾಂಶ ಎಲ್ಲರಿಗೂ ಗೊತ್ತು. ಆದರೂ ಅಜ್ಜನ ಕಣ್ಣು ತುಂಬಿತ್ತು. ಪಕ್ಕದಲ್ಲಿ ಒಬ್ಬ ತಾಯಿ ಎಂಟೊಂಬತ್ತು ವರ್ಷದ ಮಗನನ್ನ ಗೋಡೆ ಮುಟ್ಟಿಸುತ್ತಿದ್ದಳು. ಅವನ ಬೆನ್ನ ಮೇಲೆ 30, ಸ್ಕೀನ್ಸ್‌ನ ನಂಬರ್.

ಕಳೆದ ವಾರ ಸ್ಕೀನ್ಸ್‌ಗೆ ಸೈ ಯಂಗ್ ಪ್ರಶಸ್ತಿ ಬಂತು. ನ್ಯಾಷನಲ್ ಲೀಗಿನ ಶ್ರೇಷ್ಠ ಪಿಚರ್, ಎಲ್ಲ ಮತವೂ ಅವನಿಗೇ. 1990ರ ನಂತರ ಪೈರೇಟ್ಸ್‌ನವರಿಗೆ ಇದು ಮೊದಲು. ಅಜ್ಜ ರಾತ್ರಿ ಹತ್ತಕ್ಕೆ ಮೆಸೇಜ್ ಹಾಕಿದರು: ಇನ್ನು ಒಬ್ಬ ಹೊಡೆಯುವವನು ಸಿಕ್ಕರೆ ಸಾಕು.

ಅಪ್ಪನಿಗೆ ಈ ಕಥೆಯೆಲ್ಲ ಹೇಳಿದ್ದೀನಿ. ಮುಂದಿನ ಬೇಸಿಗೆಯಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬರ್ತಾರೆ. ಮೊದಲು ಪೆನ್ ಹಿಲ್ಸ್‌ನ ತಿಮ್ಮಪ್ಪನ ದರ್ಶನ. ಆಮೇಲೆ ಹಳದಿ ಸೇತುವೆ ಮೇಲೆ ನಡ್ಕೊಂಡು ಮ್ಯಾಚಿಗೆ. ನೀವೂ ಈ ಕಡೆ ಬಂದರೆ ಪುಳಿಯೋಗರೆ ತಿಂದು ಹಾಗೇ ಹೊರಟುಬಿಡಬೇಡಿ, ಒಂದು ಸಂಜೆ ಆ ಸೇತುವೆ ದಾಟಿ ನೋಡಿ.

ಟಿಕೆಟ್ ವಿಷಯ ಅಜ್ಜನಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ ಕೇಳಿದ್ದು ಇಷ್ಟೇ: "ನಿಮ್ಮಪ್ಪ ನೋಡಿದ್ರೆ ಸೋಲ್ತಾರೆ ಅಂದಿದ್ಯಲ್ಲ?"

"ಹೌದು."

"ಪರವಾಗಿಲ್ಲ, ಕರ್ಕೊಂಡು ಬಾ. ನಮಗೆ ಅಭ್ಯಾಸ ಇದೆ."